ಸಡಿಲಿಕೆ ಇರಲಿ, ಬಡ ಮಗುವಿನ ಪಾಲು ಉಳಿಯಲಿ

ಅಮೆರಿಕೆಯ ಶಾಲೆಗಳ ವೆಚ್ಚದಲ್ಲಿ ಒಕ್ಕೂಟ ಸರಕಾರದ ಪಾಲು ಸುಮಾರು ಹತ್ತರಲ್ಲೊಂದು ಮಾತ್ರ. ಆದರೂ ಅದನ್ನು ವ್ಯಯಿಸುವ ಬಗೆಯ ಕುರಿತು ಅಲ್ಲಿ ದಶಕಗಳಿಂದ ವಾದ ನಡೆದಿದೆ.

1965ರ ಶಿಕ್ಷಣ ಕಾಯಿದೆಯು ಬಡ ಪ್ರದೇಶಗಳ ಮಕ್ಕಳ ಕಲಿಕೆಗೆ ಅನುದಾನವನ್ನು ಮೀಸಲಿಟ್ಟಿತು. ಕೆಥೊಲಿಕ್ ಶಾಲೆಗಳೂ ಸೇರಿದಂತೆ ಖಾಸಗಿ ಶಾಲೆಗಳ ಅರ್ಹ ಮಕ್ಕಳಿಗೂ ಅದರ ಸೇವೆ ಸಲ್ಲತಕ್ಕದ್ದೆಂದಿತು. ನಿಯಮ ಅತಿ ಬಿಗಿಯಾದರೆ ನೋಯುವುದು ಮಗುವೇ. 1985ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಸರಕಾರಿ ಶಿಕ್ಷಕರು ಧಾರ್ಮಿಕ ಶಾಲೆಗಳೊಳಗೆ ಹೋಗಿ ಈ ಪಾಠ ಹೇಳುವುದನ್ನು ತಡೆಯಿತು. ಮಕ್ಕಳು ಹೊರಗೆ ನಿಲ್ಲಿಸಿದ ವ್ಯಾನುಗಳಲ್ಲಿ ಕಲಿಯಬೇಕಾಯಿತು. ಪಾಠಕ್ಕೆ ಸಲ್ಲಬೇಕಾದ ಹಣ ವ್ಯಾನುಗಳ ಪಾಲಾಯಿತು. 1997ರಲ್ಲಿ ಅದೇ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು.

ಆದುದರಿಂದ ಸಡಿಲಿಕೆ ಬೇಕು. ಊರಿನ ಕೊರತೆಯನ್ನು ಊರಿನವರೇ ಬಲ್ಲರು. 1999ರ ಕಾಯಿದೆಯು ಕೆಲವು ನಿಯಮಗಳಿಂದ ವಿನಾಯಿತಿ ನೀಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಆದರೆ ಖಾಸಗಿ ಶಾಲೆಯ ಮಕ್ಕಳ ನ್ಯಾಯವಾದ ಪಾಲನ್ನು ಮುಟ್ಟಗೊಡಲಿಲ್ಲ. 2015ರ ಕಾಯಿದೆಯಂತೆ ಶಿಕ್ಷಕರ ತರಬೇತಿಯಂತಹ ಬಾಬ್ತಿನ ಹಣವನ್ನು ಬಡ ಮಕ್ಕಳ ಅನುದಾನಕ್ಕೆ ಸೇರಿಸಬಹುದು. ಆ ಅನುದಾನದಿಂದ ಹಣವನ್ನು ಬೇರೆಡೆಗೆ ವರ್ಗಾಯಿಸುವಂತಿಲ್ಲ.

ಈ ಗೆರೆಯಲ್ಲಿಯೇ ವಿವೇಕವಿದೆ. ಎಲ್ಲವನ್ನೂ ಒಂದೇ ಗಂಟಾಗಿಸಿ ಒಪ್ಪಿಸಿದರೆ, ಗಟ್ಟಿ ದನಿಯವರು ಮೊದಲು ಪಡೆಯುವರು. ದನಿಯಿಲ್ಲದವರಿಗೆ ಉಳಿದದ್ದೇ ಗತಿ. ಖಾಸಗಿ ಶಾಲೆಯ ಮಕ್ಕಳಿಗೆ ಸಲ್ಲುವ ಹಣವನ್ನು ವರ್ಗಾಯಿಸುವುದಾದರೆ ಆ ಶಾಲೆಯವರೊಡನೆ ಸಮಾಲೋಚಿಸಬೇಕೆಂಬ ವಿಧಿಯೂ ಇದೆ. ಆ ಸಮಾಲೋಚನೆ ಬರಿಯ ರುಜುವಿನಲ್ಲಿ ಮುಗಿಯಬಾರದು. ಹೆತ್ತವರು ವಿಚಾರಿಸದಿದ್ದರೆ ಹಕ್ಕು ಕಾಗದದಲ್ಲಿಯೇ ಉಳಿದೀತು.