ಖೋಟಾ ಸಹಿ ಮತ್ತು ಹಳದಿ ಕಣ್ಣು

ಖೋಟಾ ಸಹಿಯ ಚೆಕ್ಕಿಗೆ ಬ್ಯಾಂಕು ಮೋಸಹೋಗುವಂತೆ, ಪಿತ್ತನಾಳದ ಕ್ಯಾನ್ಸರಿನಲ್ಲಿ ದೇಹವೂ ಮೋಸಹೋಗುತ್ತದೆ. ಅರ್ಬುದಕೋಶಗಳು ಕಳುಹಿಸುವ ಟಿಜಿಎಫ್-ಬೀಟಾ ಮೊದಲಾದ ರಾಸಾಯನಿಕ ಸಂಕೇತಗಳಿಗೆ ಓಗೊಟ್ಟು ನೆರೆಯ ನಾರುಕೋಶಗಳು ಗಡ್ಡೆಯ ಸುತ್ತ ಗಟ್ಟಿ ಗೋಡೆ ಕಟ್ಟುತ್ತವೆ. ರಕ್ಷಣೆಗೆ ಬಂದ ಬಿಳಿ ರಕ್ತಕಣಗಳು ಕೈಕಟ್ಟಿ ನಿಲ್ಲುತ್ತವೆ.

ಅರ್ಬುದದ ಸಂಕೇತಗಳಲ್ಲಿ ಕೆಲವನ್ನು ತಡೆಯುವ ಔಷಧಗಳು ಈಗ ಉಂಟು. ಎಫ್‌ಜಿಎಫ್‌ಆರ್-2 ಜೀನಿನ ದೋಷವುಳ್ಳ ರೋಗಿಗಳಿಗೆಂದು 2020ರಲ್ಲಿ ಅಮೆರಿಕವು ಪೆಮಿಗಾಟಿನಿಬ್‌ಗೆ ಸಮ್ಮತಿಯಿತ್ತಿತು. ಆದರೆ ಅದು ರೋಗವನ್ನು ಕೆಲಕಾಲ ತಡೆಹಿಡಿಯಬಲ್ಲುದು, ಅಷ್ಟೆ; ಗುಣದ ಭರವಸೆ ಇಂದಿಗೂ ಸಕಾಲದ ಶಸ್ತ್ರಚಿಕಿತ್ಸೆಯಲ್ಲಿದೆ.

ಕಣ್ಣು ಹಳದಿಯಾದರೆ ಊರಿನಿಂದ ಬೇರಿನ ಔಷಧ ತರಿಸಿ ವಾರಗಟ್ಟಲೆ ಕಾಯುವ ನಮ್ಮವರ ರೂಢಿಯನ್ನು ನಾನು ಒಪ್ಪಲಾರೆ. ಕಾಮಾಲೆಗೆ ಕಾರಣ ಹಲವು. ಮೈತುರಿಕೆ, ಬಿಳಿಚಿದ ಮಲ ಜೊತೆಗೂಡಿದರೆ ಪಿತ್ತನಾಳ ಕಟ್ಟಿರಬಹುದು. ಕೂಡಲೇ ವೈದ್ಯರನ್ನು ಕಂಡು ಸ್ಕ್ಯಾನ್ ಮಾಡಿಸಬೇಕು. ಕೋಶಗಳ ಗುಟ್ಟಿನ ಪತ್ರವ್ಯವಹಾರವನ್ನೇ ವಿಜ್ಞಾನ ಓದತೊಡಗಿರುವಾಗ, ಕನ್ನಡಿಯಲ್ಲಿ ಕಾಣುವ ಸಂಕೇತವನ್ನು ನಾವು ಓದದಿರುವುದು ಸಲ್ಲದು.