ಸತ್ತ ಮೇಲೂ ಆಫೀಸಿಗೇ ಹೋಗೋ ಹೀರೋಗಳು

ಭಾಗ 1

ಮೊನ್ನೆ ಕ್ಯಾಂಟೀನಲ್ಲಿ ಬಂದ ಮಾತಿಗೆ ಅಲ್ಲೇ ಉತ್ತರ ಕೊಡೋಕಾಗ್ಲಿಲ್ಲ, ಬಾಯಲ್ಲಿ ಪಫ್ಸ್ ಇತ್ತು. ಇಲ್ಲಿ ಕೊಡ್ತೀನಿ. ಉದ್ದ ಇದೆ, ಐದು ಪೋಸ್ಟ್ ಆಗುತ್ತೆ. ಬೇಡದೋರು ರೀಲ್ಸ್ ನೋಡ್ಕೊಳ್ಳಿ, ಬೇಜಾರಿಲ್ಲ.

ಮಾತು ಏನಂದ್ರೆ, "ಇಸೆಕಾಯ್ ನೋಡೋರೆಲ್ಲ ಸೋತೋರು ಮಗಾ. ದುಡಿಯೋಕೆ ಮೈ ಬಗ್ಗಲ್ಲ, ಅದಕ್ಕೇ ಲಾರಿ ಗುದ್ದಿ ಬೇರೆ ಲೋಕಕ್ಕೆ ಹೋಗೋ ಕನಸು ಕಾಣ್ತಾರೆ."

ಹೇಳಿದೋನನ್ನ ಟ್ಯಾಗ್ ಮಾಡಲ್ಲ. ಅವನಿಗೆ ಗೊತ್ತು.

ಗೊತ್ತಿಲ್ಲದೋರಿಗೆ: ನಮ್ಮ ಲೋಕದಲ್ಲಿ ಸತ್ತೋನು, ಇಲ್ಲಾ ಮಾಯವಾದೋನು, ಮಾಟ-ಮಂತ್ರ ಇರೋ ಬೇರೆ ಲೋಕದಲ್ಲಿ ಕಣ್ಣು ಬಿಡ್ತಾನೆ. ಅಷ್ಟೇ ಇಸೆಕಾಯ್. ಸ್ಕೂಲ್ ಹುಡುಗರ ಇಸೆಕಾಯ್ ಬೇಕಾದಷ್ಟಿದೆ, ಅದರ ಬಗ್ಗೆ ನಂಗೆ ಹೇಳೋದೇನಿಲ್ಲ, ಅರ್ಧಕ್ಕರ್ಧ ಕಸವೇ. ನಾನು ಮಾತಾಡ್ತಿರೋದು ಸಂಬಳಕ್ಕೆ ದುಡಿದು ದುಡಿದು ಸತ್ತೋರ ಕಥೆ ಬಗ್ಗೆ.

ಭಾಗ 2

ಮೊದಲು 'ಸ್ಲೈಮ್' ತಗೊಳ್ಳಿ. 2018ರಲ್ಲಿ ಅನಿಮೆ ಬಂತು. ಅದಕ್ಕೂ ಮುಂಚೆ, 2013ರಿಂದ, ಯಾರು ಬೇಕಾದ್ರೂ ಪುಕ್ಕಟೆ ಕಥೆ ಹಾಕಬಹುದಾದ ಒಂದು ಜಪಾನಿ ವೆಬ್‌ಸೈಟಲ್ಲಿ ಕಂತುಕಂತಾಗಿ ಬರ್ತಿತ್ತು. ಹೀರೋ ಮಿಕಾಮಿ ಸತೋರು, ವಯಸ್ಸು 37, ಕಟ್ಟಡ ಕಂಪನಿಯಲ್ಲಿ ಕೆಲಸ, ಮದುವೆ ಇಲ್ಲ. ದಾರೀಲಿ ಜೂನಿಯರ್‌ನ ಉಳಿಸೋಕೆ ಹೋಗಿ ಚಾಕು ಇರಿತಕ್ಕೆ ಸಾಯ್ತಾನೆ. ಲಾರಿ ಅಲ್ಲ, ಗುರು. ಕಡೇ ಆಸೆ ಏನು ಗೊತ್ತಾ? ನನ್ನ ಕಂಪ್ಯೂಟರಲ್ಲಿರೋದನ್ನೆಲ್ಲ ನಾಶ ಮಾಡಿಬಿಡು ಅಂತ. ಇಷ್ಟು ನಿಜವಾದ ಸಾವಿನ ಸೀನ್ ನಾನು ನಮ್ಮ ಯಾವ ಸಿನಿಮಾದಲ್ಲೂ ನೋಡಿಲ್ಲ.

ಆಮೇಲೆ ಸ್ಲೈಮ್ ಆಗಿ ಹುಟ್ತಾನೆ, ಒಂದು ಮುದ್ದೆ ಜೆಲ್ಲಿ. ಶಕ್ತಿ ಎಷ್ಟಿದೆ ಅಂದ್ರೆ ಜೀವನಪೂರ್ತಿ ಗುಹೆಯಲ್ಲಿ ಮಲ್ಕೊಂಡಿರಬಹುದಿತ್ತು. ಏನ್ ಮಾಡ್ತಾನೆ? ಊರು ಕಟ್ತಾನೆ. ಮನೆ ಕಟ್ಟೋಕೆ ಕುಶಲಕರ್ಮಿಗಳನ್ನ ಕರ್ಕೊಂಡ್ ಬರ್ತಾನೆ, ರಸ್ತೆ ಹಾಕಿಸ್ತಾನೆ, ಅಕ್ಕಪಕ್ಕದ ರಾಜ್ಯಗಳ ಜೊತೆ ವ್ಯಾಪಾರದ ಒಪ್ಪಂದ ಮಾಡ್ಕೋತಾನೆ. ಮೂರನೇ ಸೀಸನಲ್ಲಿ ಎಷ್ಟು ಮೀಟಿಂಗ್ ಅಂದ್ರೆ ಫ್ಯಾನ್‌ಗಳೇ ಬೈದ್ರು.

'ಬುಕ್‌ವರ್ಮ್'ನ ಮೈನ್ ಕೂಡ ಹಂಗೇ. ಹಿಂದಿನ ಜನ್ಮದಲ್ಲಿ ಲೈಬ್ರರಿ ಕೆಲಸ ಸಿಕ್ಕಿದ ಖುಷಿ ಅನುಭವಿಸೋ ಮೊದಲೇ, ಭೂಕಂಪದಲ್ಲಿ ಪುಸ್ತಕದ ರಾಶಿ ಕೆಳಗೆ ಸಿಕ್ಕಿ ಸತ್ತೋಳು. ಈಗ ಬಡ ಸಿಪಾಯಿಯ ಮಗಳು, ಪದೇ ಪದೇ ಜ್ವರ, ಪುಸ್ತಕ ಮುಟ್ಟೋಕೂ ದುಡ್ಡಿಲ್ಲ. ಕಾಗದ ತಾನೇ ಮಾಡ್ತಾಳೆ. ತಲೆ ತೊಳೆಯೋ ಶಾಂಪೂ ಮಾಡೋ ವಿಧಾನವನ್ನ ಬೆನ್ನೋ ಅನ್ನೋ ವ್ಯಾಪಾರಿಗೆ ಚೌಕಾಸಿ ಮಾಡಿ ಮಾರ್ತಾಳೆ. ಬಿಸಿನೆಸ್ ಲಾ ಪೇಪರಿಗೆ ನಾನು ಕಾಂಟ್ರಾಕ್ಟ್ ಅರ್ಥ ಮಾಡ್ಕೊಂಡಿದ್ದೇ ಆ ಎಪಿಸೋಡ್‌ಗಳಲ್ಲಿ (ನಮ್ಮ ಲೆಕ್ಚರರ್ ಇದನ್ನ ಓದ್ತಿದ್ರೆ, ಸಾರಿ ಮೇಡಂ).

ಇವರಲ್ಲಿ ಸೋಮಾರಿ ಯಾರಪ್ಪಾ?

ಭಾಗ 3

ಜಪಾನಲ್ಲಿ ಈ ಕಥೆಗಳು ಯಾಕೆ ಇಷ್ಟು ಅಂಟಿಕೊಂಡವು ಅಂತ ಯೋಚಿಸಿ. ಅಲ್ಲಿ 'ಕರೋಶಿ' ಅಂತ ಪದ ಇದೆ, ಅತಿ ದುಡಿಮೆಯಿಂದ ಸಾವು. ಅದನ್ನ ತಡೆಯೋಕೆ ಅಂತಲೇ 2014ರಲ್ಲಿ ಕಾನೂನು ಬಂತು. ಓವರ್‌ಟೈಮಿಗೆ ಗಟ್ಟಿ ಮಿತಿ ಜಾರಿಯಾಗಿದ್ದು 2019ರಲ್ಲಿ. ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವಿಶೇಷ ಸಂದರ್ಭದಲ್ಲಿ 100ಕ್ಕಿಂತ ಕಡಿಮೆ ಇರಬೇಕು. ಲೆಕ್ಕ ಹಾಕಿ, ಕಾಮರ್ಸ್ ಮಕ್ಕಳು ತಾನೇ. 22 ದಿನಕ್ಕೆ 100 ಗಂಟೆ ಅಂದ್ರೆ ದಿನಾ ನಾಲ್ಕೂವರೆ ಗಂಟೆ, ಎಂಟು ಗಂಟೆ ಮುಗಿದ ಮೇಲೆ. ಇದಕ್ಕಿಂತ ಒಂಚೂರು ಕಡಿಮೆ ಇದ್ರೆ ಕಾನೂನು ಪ್ರಕಾರ ಸರಿ!

'300 ವರ್ಷ ಸ್ಲೈಮ್ ಕೊಂದೆ' ಅನ್ನೋ ಅನಿಮೆಯ ಅಜುಸಾ 27ಕ್ಕೇ ಕೆಲಸ ಜಾಸ್ತಿಯಾಗಿ ಸಾಯ್ತಾಳೆ. ಸಾವಿಲ್ಲದ ಮಾಟಗಾತಿಯಾಗಿ ಹುಟ್ಟಿ, ಇನ್ಮೇಲೆ ನಿಧಾನವಾಗಿ ಬದುಕ್ತೀನಿ ಅಂತ ದಿನಕ್ಕೊಂದಿಷ್ಟು ಸ್ಲೈಮ್ ಮಾತ್ರ ಹೊಡೀತಾಳೆ. 300 ವರ್ಷ ಆದ್ಮೇಲೆ ನೋಡಿದ್ರೆ ಲೆವೆಲ್ 99. ಇದಲ್ವಾ ಆರ್‌ಡಿ? ದುಡ್ಡಿನ ಬದಲು ಸ್ಲೈಮ್ ಕಟ್ಟಿದ್ದಾಳೆ ಅಷ್ಟೇ. ದಿನಾ ಮಾಡಿದ್ದು ಎಲ್ಲೋ ಒಂದು ಕಡೆ ನನ್ನ ಹೆಸರಿಗೆ ಜಮಾ ಆಗ್ತಿದೆ ಅನ್ನೋದು ದೊಡ್ಡ ಆಸೆ ಏನಲ್ಲ. ಅದೂ ಸಿಗದೆ ಇರೋ ಕಡೆ ಅದೇ ಮಾಯಾಲೋಕ ಆಗುತ್ತೆ.

ನಗಬೇಡಿ, ನಮಗೂ ದೂರ ಇಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರಿಗೆ ದಿನಕ್ಕೆ 14 ಗಂಟೆ ತನಕ ಅನ್ನೋ ಪ್ರಸ್ತಾಪ ಬಂದು ನೌಕರರ ಸಂಘ ಬೀದಿಗಿಳೀತು.

ಭಾಗ 4

ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚಿಸ್ದೆ. ಅಕ್ಕನ್ನ ಕೇಳ್ದೆ, ಹೆಸರು ಹಾಕ್ಬೇಡ ಅಂದ್ಲು.

ಅಕ್ಕನೂ ಬಿಕಾಂ. ಬೆಂಗಳೂರಲ್ಲಿ ಅಕೌಂಟ್ಸ್ ಆಫೀಸ್ ಒಂದರಲ್ಲಿ ಜಿಎಸ್‌ಟಿ ರಿಟರ್ನ್ಸ್ ಮಾಡ್ತಾಳೆ. ತಿಂಗಳ 11ಕ್ಕೊಂದು ಗಡುವು, 20ಕ್ಕೊಂದು. ಆ ವಾರಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಪಿಜಿ ಬಿಟ್ರೆ ರಾತ್ರಿ ಹತ್ತೂವರೆ. ಪಿಜಿಯವರು ತೆಗೆದಿಟ್ಟ ಚಪಾತಿ ಅಷ್ಟೊತ್ತಿಗೆ ಹಪ್ಪಳ. ಎರಡು ವರ್ಷ ಆಯ್ತು, ಸೀನಿಯರ್ ಇನ್ನೂ "ಆ ಜಿಎಸ್‌ಟಿ ಹುಡುಗೀನ ಕರೀರಿ" ಅಂತಾನೇ ಅನ್ನೋದಂತೆ.

ಯುಗಾದಿಗೆ ಬಂದಾಗ ಟೆರೇಸ್ ಮೇಲೆ ನನ್ನ ಫೋನಲ್ಲಿ ಸ್ಲೈಮ್ ತೋರಿಸ್ದೆ. ಒಂದು ಸೀನ್ ಇದೆ. ಗಾಬ್ಲಿನ್ ಹಳ್ಳಿಯಲ್ಲಿ ಯಾರಿಗೂ ಹೆಸರೇ ಇರಲ್ಲ. ಸ್ಲೈಮ್ ಒಬ್ಬೊಬ್ಬರನ್ನೇ ಸಾಲಲ್ಲಿ ನಿಲ್ಲಿಸಿ ಹೆಸರು ಇಡ್ತಾನೆ, ಕೊನೆಗೆ ಶಕ್ತಿಯೆಲ್ಲ ಖಾಲಿಯಾಗಿ ಬಿದ್ದೋಗ್ತಾನೆ. ಮಾರನೇ ಸಲ ಅವರನ್ನ ನೋಡಿದ್ರೆ ಗುರುತೇ ಸಿಗಲ್ಲ, ಹೆಸರು ಬಂದಿದ್ದಕ್ಕೇ ಬೆಳೆದುಬಿಟ್ಟಿರ್ತಾರೆ. ತಮಾಷೆ ಸೀನ್ ಅದು. ಅಕ್ಕ ನಗಲಿಲ್ಲ. "ಇನ್ನೊಂದ್ಸಲ ಹಾಕೋ" ಅಂದ್ಲು. ಹಾಕ್ದೆ.

ಭಾಗ 5

ಹಾಗಂತ ಈ ಕಥೆಗಳೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಗುಲಾಮರನ್ನ ದುಡ್ಡು ಕೊಟ್ಟು ತಗೊಂಡು ಒಳ್ಳೆಯವನು ಅನ್ನಿಸ್ಕೊಳ್ಳೋ ಹೀರೋ ನಂಗೆ ಆಗಲ್ಲ, 'ಶೀಲ್ಡ್ ಹೀರೋ' ನಾನು ಅಲ್ಲೇ ನಿಲ್ಲಿಸ್ದೆ. ಸ್ಲೈಮಲ್ಲೂ ಒಂದು ಮೋಸ ಇದೆ: ಒಳ್ಳೇ ಬಾಸ್ ಸಿಕ್ಕಿದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋದು. ಬಾಸ್ ಕೆಟ್ಟೋನಾದ್ರೆ ಆ ಊರಲ್ಲಿ ಯಾರು ಕೇಳ್ತಾರೆ?

ಇದನ್ನ ಸರಿಯಾಗಿ ಹಿಡಿದಿರೋದು 'ತಾನ್ಯಾ' (2017). ಅಲ್ಲಿ ಸತ್ತೋನು ಎಚ್‌ಆರ್. ಅವನು ಕೆಲಸದಿಂದ ತೆಗೆದೋನೇ ಅವನನ್ನ ರೈಲ್ವೆ ಹಳಿಗೆ ತಳ್ತಾನೆ. ಅನಾಥ ಹುಡುಗಿಯಾಗಿ ಹುಟ್ಟಿ ಸೇನೆ ಸೇರಿ, ಹಿಂದುಗಡೆ ಎಲ್ಲಾದ್ರೂ ಒಂದು ಸೇಫ್ ಕುರ್ಚಿ ಸಿಗ್ಲಿ ಅಂತ ಚೆನ್ನಾಗಿ ಕೆಲಸ ಮಾಡ್ತಾಳೆ. ಚೆನ್ನಾಗಿ ಮಾಡಿದ್ದಕ್ಕೇ ಮತ್ತೆ ಮತ್ತೆ ಯುದ್ಧದ ಮುಂಚೂಣಿಗೆ ಕಳಿಸ್ತಾರೆ. ಆಫೀಸಲ್ಲಿ ಬೇಗ ಕೆಲಸ ಮುಗಿಸೋರಿಗೇ ಇನ್ನೊಬ್ಬರ ಫೈಲೂ ಬರುತ್ತಲ್ಲ, ಅದೇ.

ನನ್ನ ದೊಡ್ಡ ಜಗಳ ಬೇರೆ. ಯಾಕೆ ಎಲ್ಲರೂ ಸಾಯಲೇಬೇಕು? ಅಜುಸಾ ಯಾಕೆ ಒಂದು ರಾಜೀನಾಮೆ ಬರೀಲಿಲ್ಲ? ಇದನ್ನ ನಾನು ಅಕ್ಕಂಗೆ ಜೋರಾಗೇ ಕೇಳ್ದೆ, "ನೀನೂ ಬಿಟ್ಟುಬಿಡು, ಬೇರೆ ಹುಡುಕು" ಅಂದೆ.

"ಜೂನಲ್ಲಿ ನಿನ್ನ ಐದನೇ ಸೆಮ್ ಫೀಸ್ ಇದೆಯಲ್ಲೋ" ಅಂದ್ಲು.

ಸೋತೋರು ಅಂದೆಯಲ್ಲ, ಅವಳಿಗೂ ಸೇರಿಸಿ ಅಂದೆ ನೀನು. ಗೊತ್ತಿಲ್ದೇ ಅಂದಿದ್ದೀಯ, ಅದಕ್ಕೇ ಕ್ಯಾಂಟೀನಲ್ಲಿ ಸುಮ್ನಿದ್ದೆ. ಸ್ಲೈಮ್ ಮೊದಲ ನಾಲ್ಕು ಎಪಿಸೋಡ್ ನೋಡ್ಕೊಂಡು ಬಾ, ಆಮೇಲೆ ಜಗಳ ಮುಂದುವರಿಸೋಣ, ಪಫ್ಸ್ ನಂದೇ. ನಾಳೆ ಕಾಸ್ಟಿಂಗ್ ಇಂಟರ್ನಲ್ಸ್ ಇದೆ, ಕಮೆಂಟ್‌ಗೆಲ್ಲ ಗುರುವಾರ ಉತ್ತರ ಕೊಡ್ತೀನಿ.