ಮೀನಖಂಡದ ನೋವು ಮುಪ್ಪಿನ ಗುರುತೇ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಬಂದವರು ಪಾದರಕ್ಷೆಗಳನ್ನು ಕಳಚಿಟ್ಟು ಎತ್ತರವಾದ ಜಗತಿಯ ಮೇಲೆ ಸುತ್ತುವರಿಯುತ್ತಾರೆ. ಆನೆಗಳ ಸಾಲಿನಿಂದ ದೇವತಾಮೂರ್ತಿಗಳವರೆಗೆ ಗೋಡೆಯನ್ನು ನೋಡುತ್ತ ಸಾಗುವ ಗುಂಪಿನಿಂದ ವೃದ್ಧರೊಬ್ಬರು ಹಿಂದುಳಿಯುವುದುಂಟು. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ನಿಂತರೆ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಅದೇ ನೋವು. 'ವಯಸ್ಸಾಯಿತಲ್ಲ' ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಈ ಸಮಾಧಾನವೇ ಅಪಾಯಕರವೆಂದು ನಮ್ಮ ಅಭಿಪ್ರಾಯ.

ನಡೆಯುವ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕು. ಧಮನಿಯ ಒಳಗೋಡೆಗೆ ಕೊಬ್ಬು ಮೆತ್ತಿಕೊಂಡು ದಾರಿ ಕಿರಿದಾಗಿದ್ದರೆ ಅಷ್ಟು ರಕ್ತ ಹರಿಯಲಾರದು. ಕಾಲಿನಲ್ಲಿ ಕಂಡ ಈ ರೋಗ ಹೃದಯದ, ಮೆದುಳಿನ ಧಮನಿಗಳಲ್ಲಿಯೂ ಹೊಂಚುಹಾಕಿರಬಹುದು. ಹೊಗೆಸೊಪ್ಪು ಮತ್ತು ಸಿಹಿಮೂತ್ರ ಇದರ ಮುಖ್ಯ ಕಾರಣಗಳು. ಬೀಡಿ ಸೇದುವ ತರುಣರ ಧಮನಿಗಳನ್ನೇ ಮುಚ್ಚುವ ಇನ್ನೊಂದು ರೋಗವನ್ನು ಲಿಯೋ ಬರ್ಗರ್ 1908ರಲ್ಲಿ ವಿವರಿಸಿದನು. ಆದುದರಿಂದ ಇದು ಅಜ್ಜಂದಿರ ಮಾತು ಮಾತ್ರವಲ್ಲ. ಹೊಗೆಸೊಪ್ಪು ಬೆಳೆಯುವ ಅರಕಲಗೂಡು ಇದೇ ಹಾಸನ ಜಿಲ್ಲೆಯಲ್ಲಿದೆ!

ಮುಂಗೈಯಲ್ಲಿ ನಾಡಿ ನೋಡುವುದನ್ನು ಎಲ್ಲರೂ ಬಲ್ಲರು. ಪಾದದ ಮೇಲ್ಭಾಗದಲ್ಲಿಯೂ, ಒಳಗಣ್ಣಿನ (ಹರಡಿನ ಒಳಭಾಗದ ಗಂಟಿನ) ಹಿಂದೆಯೂ ನಾಡಿಯುಂಟು. ಅದು ಬೆರಳಿಗೆ ಸಿಕ್ಕದಿದ್ದರೆ, ಪಾದ ತಣ್ಣಗಿದ್ದರೆ, ವೈದ್ಯರ ಬಳಿಗೆ ಹೋಗಬೇಕು. ಅವರು ಹರಡಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸುತ್ತಾರೆ, ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ಧಮನಿ ಕಿರಿದಾಗಿದೆಯೆಂದು ಅರ್ಥ.

ಚಿಕಿತ್ಸೆಯಲ್ಲಿ ಮೊದಲನೆಯದು ಬೀಡಿ ಬಿಡುವುದು. ಎರಡನೆಯದನ್ನು ಕೇಳಿದರೆ ಆಶ್ಚರ್ಯವಾದೀತು: ನಡೆಯುವುದು. ವೈದ್ಯರ ಸಲಹೆಯಂತೆ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯಬೇಕು. ವಾರಕ್ಕೆ ಮೂರು ದಿನವಾದರೂ ಹೀಗೆ ಮಾಡಿದರೆ, ಮೂರು ತಿಂಗಳಲ್ಲಿ ನೋವಿಲ್ಲದೆ ನಡೆಯುವ ದೂರ ಹೆಚ್ಚುವುದುಂಟು. ಔಷಧಗಳೂ ಇವೆ. ಆದರೆ ಮಲಗಿದಾಗಲೂ ಪಾದ ನೋಯತೊಡಗಿದರೆ, ಹುಣ್ಣು ಮಾಯದಿದ್ದರೆ, ಬೆರಳು ಕಪ್ಪಾದರೆ ಒಂದು ದಿನವೂ ತಡಮಾಡಬಾರದು. ಆಗ ಶಸ್ತ್ರವೈದ್ಯರು ರಕ್ತಕ್ಕೆ ದಾರಿ ಬಿಡಿಸಿ ಕಾಲನ್ನು ಉಳಿಸಬಲ್ಲರು.

ತಣ್ಣನೆಯ ಪಾದಕ್ಕೆ ಬಿಸಿನೀರಿನ ಶಾಖ ಕೊಡುವ ವಾಡಿಕೆಯನ್ನು ನಾವು ಒಪ್ಪೆವು. ಸಿಹಿಮೂತ್ರದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಅಂಗಾಲು ಸುಟ್ಟರೂ ಅರಿವಾಗದು. ನಡುಹಗಲ ಬಿಸಿಲಿಗೆ ಕಾದ ಜಗತಿಯ ಕಲ್ಲೂ ಅದನ್ನೇ ಮಾಡಬಲ್ಲದು. ಅಂಥ ಹಿರಿಯರನ್ನು ಬೆಳಗಿನ ಹೊತ್ತು ಕರೆದೊಯ್ದು, ದಪ್ಪ ಕಾಲುಚೀಲ ತೊಡಿಸಿ, ಮನೆಗೆ ಮರಳಿದ ಮೇಲೆ ಅವರ ಅಂಗಾಲುಗಳನ್ನೊಮ್ಮೆ ನೋಡಬೇಕು.